ಪತ್ರ ಓದಿ ಹೇಳೋರು

2023ರಲ್ಲಿ ಸ್ಪೇನಿನ ಟೊರೆವಿಯೆಹಾ ಅನ್ನೋ ಊರಲ್ಲಿ ಒಂದು ಹಳೇ ಫ್ಲಾಟ್ ತಗೊಂಡ್ವಿ. ನಾವಿರೋದು ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ನಲ್ಲಿ, ನವೆಂಬರ್ ಬಂತು ಅಂದ್ರೆ ಬಿಸಿಲಿಗೆ ಬಾಯಿ ಬಿಡ್ಬೇಕು. ಅಲ್ಲಿ 95 ಸಾವಿರ ಯೂರೋಗೆ ಎರಡು ಬೆಡ್‌ರೂಮು, ಮೂರನೇ ಮಹಡಿ, ಲಿಫ್ಟ್ ಇಲ್ಲ, ಆದ್ರೆ ಬಾಲ್ಕನಿಗೆ ಜನವರಿಯಲ್ಲೂ ಬಿಸಿಲು ಬೀಳುತ್ತೆ.

ಸಹಿ ಹಾಕೋ ದಿನ ನೋಟರಿ ಆಫೀಸಲ್ಲಿ ಪೆನ್ನು ಹಿಡ್ಕೊಂಡೇ ಕೂತಿದ್ದೆ. ಅಲ್ಲಿ ನೋಟರಿ ಅಂದ್ರೆ ಆಸ್ತಿ ಪತ್ರ ಪರಿಶೀಲಿಸಿ ಸಹಿ ಹಾಕಿಸೋ ಕಾನೂನು ಅಧಿಕಾರಿ. ನೋಟರಿ ಮೇಡಂ ಪತ್ರನ ಮೊದಲ ಸಾಲಿಂದ ಜೋರಾಗಿ ಓದೋಕೆ ಶುರು ಮಾಡಿದ್ರು, ಎರಡನೇ ಪುಟದಲ್ಲಿ ನಿಲ್ಲಿಸಿ ನನ್ನ ಮುಖ ನೋಡಿ ಏನೋ ಕೇಳಿದ್ರು, ನಾನು ‘ಸೀ ಸೀ’ (ಹೌದು ಹೌದು) ಅಂದೆ. ಅವ್ರು ಪತ್ರ ಮುಚ್ಚಿಟ್ಟೇ ಬಿಟ್ರು. ಇವ್ರಿಗೆ ಸ್ಪ್ಯಾನಿಷ್ ಅರ್ಥ ಆಗ್ತಿಲ್ಲ, ಅನುವಾದ ಮಾಡಿ ಹೇಳೋರು ಇಲ್ದೆ ನಾನು ಮುಂದೆ ಹೋಗಲ್ಲ ಅಂತ. ಎಲ್ಲರ ಮುಂದೆ ಮುಖ ಬಿಸಿಯಾಯ್ತು ನಂಗೆ. ಎರಡು ಗಂಟೆ ಕಾದು ಇಂಗ್ಲಿಷ್ ಬರೋ ಒಬ್ಬ ಹುಡುಗಿನ ಕರೆಸಿ, ಸಾಲು ಸಾಲಾಗಿ ಹೇಳಿಸಿದ್ರು. ಮಾರೋರು ಯಾರು, ಮನೆ ಮೇಲೆ ಸಾಲ ಇದ್ಯಾ, ಬಿಲ್ಡಿಂಗ್ ಮೆಂಟೆನೆನ್ಸ್ ಬಾಕಿ ಇಲ್ಲ ಅನ್ನೋ ಸರ್ಟಿಫಿಕೇಟ್ ಎಲ್ಲಿ, ಚೆಕ್ ಯಾವ ಬ್ಯಾಂಕಿಂದು, ಎಲ್ಲಾ. ಎಲ್ಲಾ ಕೇಳಿ ತಲೆ ಆಡಿಸಿದ ಮೇಲೇ ಸಹಿ.

ಕೂತಲ್ಲೇ ಅಪ್ಪನ ಸೈಟು ನೆನಪಾಯ್ತು. 1994ರಲ್ಲಿ ಅಪ್ಪ ಪಿ.ಎಫ್. ಸಾಲ ತೆಗೆದು 30×40 ಅಡಿ ಸೈಟ್ ತಗೊಂಡ್ರು. ಸಬ್ ರಿಜಿಸ್ಟ್ರಾರ್ ಆಫೀಸ್ ಹೊರಗೆ ಪತ್ರ ಬರೆಯೋರು ಟೈಪ್ ಮಾಡಿ ಕೊಟ್ರು, ಒಳಗೆ ನೂಕುನುಗ್ಗಲು, ಇಲ್ಲಿ ಸಹಿ ಇಲ್ಲಿ ಹೆಬ್ಬೆಟ್ಟು ಅಂದ್ರು, ಹತ್ತು ನಿಮಿಷದಲ್ಲಿ ಮುಗೀತು. ಅಪ್ಪ ಹೈಸ್ಕೂಲ್ ಮೇಷ್ಟ್ರು, ಮಕ್ಕಳ ಉತ್ತರ ಪತ್ರಿಕೇಲಿ ಒಂದು ಒತ್ತಕ್ಷರ ತಪ್ಪಿದ್ರೂ ಬಿಡ್ತಿರ್ಲಿಲ್ಲ, ತಮ್ಮ ಜೀವಮಾನದ ದುಡ್ಡಿನ ಪತ್ರ ಓದೋಕೆ ಅವರಿಗೆ ಯಾರೂ ಟೈಮ್ ಕೊಡ್ಲಿಲ್ಲ. ಚಕ್ಕುಬಂದಿಯಲ್ಲಿ, ಅಂದ್ರೆ ಸೈಟಿನ ನಾಲ್ಕು ದಿಕ್ಕಿಗೆ ಏನೇನಿದೆ ಅನ್ನೋ ವಿವರದಲ್ಲಿ, ಉತ್ತರಕ್ಕೆ ಬರೋದು ದಕ್ಷಿಣಕ್ಕೆ, ದಕ್ಷಿಣದ್ದು ಉತ್ತರಕ್ಕೆ ಬಿದ್ದಿತ್ತು. ಗೊತ್ತಾಗಿದ್ದು 2011ರಲ್ಲಿ, ಮನೆ ಕಟ್ಟೋಕೆ ಲೋನ್ ಕೇಳಿದಾಗ. ಅಷ್ಟೊತ್ತಿಗೆ ಸೈಟ್ ಮಾರಿದೋರು ತೀರಿಕೊಂಡಿದ್ರು, ಅವರ ಮೂರು ಮಕ್ಕಳ ಸಹಿ ಬೇಕು ತಿದ್ದುಪಡಿ ಪತ್ರಕ್ಕೆ, ಒಬ್ಬ ಮುಂಬೈಲಿ, ಇನ್ನಿಬ್ಬರು ಒಬ್ಬರ ಮುಖ ಒಬ್ಬರು ನೋಡಲ್ಲ. ನಾಲ್ಕು ವರ್ಷ ಹಿಡೀತು. ಆ ನಾಲ್ಕು ವರ್ಷದಲ್ಲಿ ಅಪ್ಪ ಎಷ್ಟು ಸಲ ಬಸ್ ಹತ್ತಿದ್ರೋ ಲೆಕ್ಕ ಇಲ್ಲ.

ನಮ್ಮಲ್ಲಿ ಈಗಲೂ 1908ರ ನೋಂದಣಿ ಕಾಯ್ದೆ. ರಿಜಿಸ್ಟರ್ ಆಗೋದು ಪತ್ರ ಮಾತ್ರ, ಜಾಗ ನಿಜವಾಗ್ಲೂ ಮಾರಿದೋನದ್ದೇ ಅಂತ ಸರ್ಕಾರ ಜವಾಬ್ದಾರಿ ಹೊರಲ್ಲ. ಅದಕ್ಕೇ ಮದರ್ ಡೀಡ್ (ಹಿಂದಿನ ಮೂಲ ಪತ್ರ), 30 ವರ್ಷದ ಇಸಿ (ಆಸ್ತಿ ಮೇಲಿನ ಸಾಲ, ವಹಿವಾಟಿನ ಪಟ್ಟಿ), ಖಾತೆ, ಕಂದಾಯ ರಸೀದಿ ಅಂತ ಕಟ್ಟು ಕಟ್ಟೋದು, ಕಟ್ಟಿದ ಮೇಲೂ ಎದೆ ಢವಢವ. ಸ್ಪೇನಲ್ಲಿ ರಿಜಿಸ್ಟ್ರಿಯಿಂದ ‘ನೋಟಾ ಸಿಂಪ್ಲೆ’ ಅಂತ ಒಂದೆರಡು ಹಾಳೆ ಸಿಗುತ್ತೆ, ಖರ್ಚು ಹತ್ತು ಯೂರೋ ಆಸುಪಾಸು, ಮಾಲೀಕ ಯಾರು, ಅಡಮಾನ ಇದ್ಯಾ, ಜಪ್ತಿ ಇದ್ಯಾ ಎಲ್ಲಾ ಅದ್ರಲ್ಲೇ. ಅದನ್ನ ನಂಬಿ ಪ್ರಾಮಾಣಿಕವಾಗಿ ಕೊಂಡು, ನಮ್ಮ ಹೆಸರು ಏರಿಸಿಕೊಂಡೋರನ್ನ ಕಾನೂನು ಕಾಯುತ್ತೆ. ನಮ್ಮೋರಿಗೆ ಯಾಕೆ ಇದು ಬೇಡ? ಹೋಗ್ಲಿ, ಒಂದು ಸಲ ಜೋರಾಗಿ ಓದಿ ಹೇಳೋಕೆ ಏನು ಖರ್ಚು?

ಸರಿ, ಸ್ಪೇನಿನ ಇನ್ನೊಂದು ಮುಖಾನೂ ಹೇಳ್ಬೇಕು. ನಾವು ತಗೊಂಡಾಗ ಟೊರೆವಿಯೆಹಾ ಸೇರಿರೋ ವಲೆನ್ಸಿಯಾ ಸ್ವಾಯತ್ತ ಪ್ರದೇಶದಲ್ಲಿ ಹಳೇ ಮನೆ ಕೊಳ್ಳೋ ತೆರಿಗೇನೇ ಶೇ. 10, ಅಂದ್ರೆ 9,500 ಯೂರೋ, ನೋಟರಿ ಲಾಯರು ಬೇರೆ. ಕರ್ನಾಟಕದಲ್ಲಿ ಸ್ಟಾಂಪ್ ಡ್ಯೂಟಿ ಸಾಮಾನ್ಯವಾಗಿ ಶೇ. 5. ಇಸಿಗೂ ಈಗ ಮೊದಲಿನಷ್ಟು ಆಫೀಸಿಗೆ ಅಲೀಬೇಕಿಲ್ಲ, ಕರ್ನಾಟಕ ಸರ್ಕಾರದ ಕಾವೇರಿ ಪೋರ್ಟಲಲ್ಲಿ ಸಿಗುತ್ತೆ, ನನ್ನ ತಮ್ಮ ತೆಗೆದು ಕಳಿಸಿದ್ದ. ಇನ್ನು 2008ರಲ್ಲಿ ಅಲ್ಮೆರಿಯಾದ ವೆರಾ ಅನ್ನೋ ಕಡೆ ಬ್ರಿಟನ್ನಿನ ವಯಸ್ಸಾದ ದಂಪತಿ ಮನೆನ, ಕೊಟ್ಟ ಲೈಸೆನ್ಸೇ ಸರಿ ಇಲ್ಲ ಅಂತ ಸರ್ಕಾರವೇ ಕೆಡವಿಸಿತ್ತು, ಅದೂ ಇದೇ ಸ್ಪೇನೇ. ಗೃಹಪ್ರವೇಶದ ದಿನ ನಾವು ಮೂರೇ ಜನ. ಹಾಲು ಉಕ್ಕೋವಾಗ ಪಕ್ಕದಲ್ಲಿ ಯಾರೂ ಇರ್ಲಿಲ್ಲ, ಬಿಲ್ಡಿಂಗಲ್ಲಿ ಅರ್ಧ ಮನೆ ಕಿಟಕಿ ಮುಚ್ಚಿದ್ವು, ಅವರೂ ನಮ್ಮ ಹಾಗೆ ರಜಕ್ಕೆ ಬರೋರು. ಹೆಂಡತಿ ಕುಂಕುಮದ ಬಟ್ಟಲು ಹಿಡ್ಕೊಂಡು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ಲು. ಊರಲ್ಲಿ ಅಪ್ಪನ ಮನೆ ಒಕ್ಕಲಿಗೆ ಬೀದಿಗೆ ಬೀದಿನೇ ಬಂದಿತ್ತು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಮೊದಲು ಕೇಳಿದ್ದೇ, “ಚಕ್ಕುಬಂದಿ ಓದಿಸಿದ್ಯೇನಪ್ಪಾ?” ಪತ್ರ ತೆಗೆದು ಓದ್ತಾ ಹೋದೆ: ಎದುರಿಗೆ ಮೆಟ್ಟಿಲು, ಬಲಕ್ಕೆ ಪಕ್ಕದ ಮನೆ, ಎಡಕ್ಕೆ ರಸ್ತೆ, ಹಿಂದೆ ಅಂಗಳ. ಒಂದಕ್ಕೂ ಅಡ್ಡ ಬಾಯಿ ಹಾಕದೆ ಕೇಳಿಸ್ಕೊಂಡ್ರು. ಆಮೇಲೆ, “ಇನ್ನೊಂದ್ಸಲ ಓದು, ಮೆಲ್ಲಗೆ” ಅಂದ್ರು. ಓದಿದೆ.