ಒಂಬತ್ತು ಬಿಡಿಭಾಗ ಬದಲಾದವು, ಬಿರುಕು ಬಿಟ್ಟಿದ್ದು ಒಂದು ರಬ್ಬರ್ ಕೊಳವೆ

ನನ್ನ ಭಾನುವಾರಗಳು ಬಾನೆಟ್ ಎದುರೇ ಕಳೆಯುತ್ತವೆ ಎಂಬುದು ಇಲ್ಲಿರುವ ಹಳೆಯ ಸ್ನೇಹಿತರಿಗೆಲ್ಲ ಗೊತ್ತು. ಈ ಭಾನುವಾರ ಮಾತ್ರ ಕೆಲಸ ಮುಗಿದು ಕೈ ತೊಳೆದುಕೊಂಡ ಮೇಲೂ ಸಿಟ್ಟು ಇಳಿಯಲಿಲ್ಲ.

ತಂಗಿಯ ಕಾರು ಒಂದು ತಿಂಗಳಿನಿಂದ ನಡುಗುತ್ತಿತ್ತು. ಸಿಗ್ನಲ್‌ನಲ್ಲಿ ನಿಂತರೆ ಸ್ಟಿಯರಿಂಗ್ ಕಂಪಿಸುವುದು, ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ, ಆರ್‌ಪಿಎಂ ಮುಳ್ಳು 500ಕ್ಕೆ ಕುಸಿದು ಮತ್ತೆ 900ಕ್ಕೆ ಏರುವುದು, ವೇಗ ಹಿಡಿದ ಮೇಲೆ ಏನೂ ಆಗಿಲ್ಲವೆಂಬಂತೆ ಓಡುವುದು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿದಾಗ ಪಿ0171 ಮತ್ತು ಪಿ0300 ಎಂಬ ಎರಡು ದೋಷದ ಕೋಡ್‌ಗಳು ಬಂದವು. ಮೊದಲ ಸಲ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸಿದರು, ಎರಡನೆಯ ಸಲ ನಾಲ್ಕು ಸ್ಪಾರ್ಕ್ ಪ್ಲಗ್‌ಗಳನ್ನು, ಮೂರನೆಯ ಸಲ ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ ಕೊಡುವ ನಾಲ್ಕು ಇಗ್ನಿಷನ್ ಕಾಯಿಲ್‌ಗಳನ್ನು. ಕಾರು ನಡುಗುತ್ತಲೇ ಇತ್ತು. ಇನ್ನು ಇಂಧನ ಪಂಪ್ ಬದಲಿಸಬೇಕು ಎಂದಾಗ ಅವಳು ನನಗೆ ಫೋನ್ ಮಾಡಿದಳು.

ಕೋಡ್ ಎಂಬುದು ಯಾವ ಬಿಡಿಭಾಗ ಕೊಳ್ಳಬೇಕು ಎಂದು ಹೇಳುವ ಚೀಟಿಯಲ್ಲ. ಪಿ0171 ಹೇಳುವುದು ಇಷ್ಟೇ: ಸಿಲಿಂಡರಿಗೆ ಹೋಗುವ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಗಾಳಿ ಅದಕ್ಕಿಂತ ಬಹಳ ಹೆಚ್ಚಾದರೆ ಕಿಡಿ ಹಾರಿದರೂ ಮಿಶ್ರಣ ಸರಿಯಾಗಿ ಹೊತ್ತಿಕೊಳ್ಳುವುದಿಲ್ಲ, ಒಮ್ಮೆ ಈ ಸಿಲಿಂಡರ್, ಇನ್ನೊಮ್ಮೆ ಆ ಸಿಲಿಂಡರ್ ತಪ್ಪುತ್ತದೆ. ಹೀಗೆ ಒಂದೇ ಸಿಲಿಂಡರಿಗೆ ಅಂಟಿಕೊಳ್ಳದ ಮಿಸ್‌ಫೈರ್‌ಗೆ ಪಿ0300 ಎಂಬ ಹೆಸರು. ಅಂದರೆ ಎರಡು ಕೋಡ್‌ಗಳೂ ಸೇರಿ ಒಂದೇ ಕಥೆ ಹೇಳುತ್ತಿದ್ದವು. ಹೊಗೆಯಲ್ಲಿ ಆಮ್ಲಜನಕ ಜಾಸ್ತಿ ಇದೆ ಎಂದು ಆ ಸೆನ್ಸರ್ ಇದ್ದದ್ದನ್ನು ಇದ್ದಂತೆ ವರದಿ ಮಾಡಿತ್ತು, ಸತ್ಯ ನುಡಿದ ಸಾಕ್ಷಿಯನ್ನೇ ಮೊದಲು ಕಿತ್ತು ಹಾಕಿದರು.

ನಾನು ಮೊದಲು ನೋಡಿದ್ದು ಫ್ಯೂಯಲ್ ಟ್ರಿಮ್ ಅನ್ನು. ಲೆಕ್ಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಸುರಿಯಬೇಕಾಗಿದೆ ಎಂಬುದನ್ನು ಇಂಜಿನ್ನಿನ ಕಂಪ್ಯೂಟರ್ ಶೇಕಡಾವಾರಿನಲ್ಲಿ ತೋರಿಸುತ್ತದೆ, ಸಾಮಾನ್ಯ ಸ್ಕ್ಯಾನರ್‌ನಲ್ಲೂ ಅದು ಕಾಣುತ್ತದೆ. ಐಡ್ಲಿಂಗ್‌ನಲ್ಲಿ ಅದು ಶೇ. 22ರಷ್ಟು ಹೆಚ್ಚಿತ್ತು, 2500 ಆರ್‌ಪಿಎಂನಲ್ಲಿ ಹಿಡಿದು ನಿಲ್ಲಿಸಿದರೆ ಶೇ. 5ಕ್ಕೆ ಇಳಿಯಿತು. ಈ ಎರಡು ಅಂಕಿಗಳಲ್ಲೇ ಉತ್ತರವಿತ್ತು. ಇಂಜಿನ್ನಿಗೆ ಗಾಳಿ ಬಿಡುವ ಕವಾಟವಾದ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುವಾಗ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್‌ನೊಳಗೆ ನಿರ್ವಾತ ಬಲವಾಗಿರುತ್ತದೆ, ಎಲ್ಲಾದರೂ ಬಿರುಕಿದ್ದರೆ ಅದು ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ; ಆಗ ಒಟ್ಟು ಗಾಳಿಯೇ ಕಡಿಮೆ ಇರುವುದರಿಂದ ಆ ಕಳ್ಳಗಾಳಿಯ ಪಾಲು ದೊಡ್ಡದಾಗುತ್ತದೆ. ಥ್ರಾಟಲ್ ತೆರೆದಾಗ ಅದೇ ಬಿರುಕು ಲೆಕ್ಕಕ್ಕೆ ಬರುವುದಿಲ್ಲ. ಇಂಧನ ಪಂಪ್ ಸೋತಿದ್ದರೆ ಇದಕ್ಕೆ ವಿರುದ್ಧವಾಗಿ, ಪೆಟ್ರೋಲ್ ಹೆಚ್ಚು ಬೇಕಾದ ಹೊತ್ತಿನಲ್ಲೇ, ತೊಂದರೆ ಜಾಸ್ತಿ ಆಗಬೇಕಿತ್ತು. ಪಂಪ್ ಬದಲಿಸಿ ಎಂದವರು ಈ ಒಂದು ಅಂಕಿಯನ್ನು ನೋಡಿದ್ದರೆ ಸಾಕಿತ್ತು.

ಬಿರುಕು ಹುಡುಕಲು ಬಿಸಿ ಇಂಜಿನ್ ಮೇಲೆ ಉರಿಯುವ ಸ್ಪ್ರೇ ಹೊಡೆಯುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ತಿರುಗುವ ಬೆಲ್ಟ್‌ಗೆ ಕೈ ತಾಗದಂತೆ ಎಚ್ಚರ ವಹಿಸಿ, ಮ್ಯಾನಿಫೋಲ್ಡ್‌ಗೆ ಸೇರುವ ಮೆದು ಕೊಳವೆಗಳನ್ನು ಒಂದೊಂದಾಗಿ ಇಕ್ಕಳದಿಂದ ಹಗುರವಾಗಿ ಅದುಮುತ್ತ ಬಂದೆ. ಬ್ರೇಕ್ ಬೂಸ್ಟರ್ ಕೊಳವೆ ಅದುಮಿದಾಗ ಏನೂ ಬದಲಾಗಲಿಲ್ಲ. ಇಂಜಿನ್ನಿನೊಳಗಿನ ಆವಿಯನ್ನು ಮ್ಯಾನಿಫೋಲ್ಡ್‌ಗೆ ಬಿಡುವ ಪಿಸಿವಿ ವಾಲ್ವ್‌ನಿಂದ ಬರುವ ಕೊಳವೆಯನ್ನು ಅದುಮಿದ ಕೂಡಲೇ ನಡುಕ ನಿಂತಿತು. ಬಿಚ್ಚಿ ತಿರುಗಿಸಿದರೆ ಬಾಗಿನ ಅಡಿಭಾಗದಲ್ಲಿ, ಮೇಲಿನಿಂದ ಕಣ್ಣಿಗೆ ಬೀಳದ ಜಾಗದಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಉದ್ದದ ಸೀಳು.

ಗ್ಯಾರೇಜಿನವರಿಗೆ ಸಮಯವಿರುವುದಿಲ್ಲ, ಸಾಲುಗಟ್ಟಿ ಕಾರುಗಳು ಕಾದಿರುತ್ತವೆ ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ನನಗೂ ಅದು ಗೊತ್ತು. ಆದರೆ ಟ್ರಿಮ್ ನೋಡಲು ಬೇಕಾದದ್ದು ಐದು ನಿಮಿಷ. ನಾಲ್ಕು ಪ್ಲಗ್ ಬಿಚ್ಚಿ ಹಾಕಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಸಮಯವಿಲ್ಲದವರು ಮೂರು ಸಲ ಅದೇ ಕಾರನ್ನು ಒಳಗೆ ತೆಗೆದುಕೊಂಡದ್ದು ಹೇಗೆ? ಇಲ್ಲಿ ಕೊರತೆಯಾಗಿದ್ದು ಅಳೆದು ನೋಡುವ ಅಭ್ಯಾಸ.

ಇಷ್ಟು ಸಿಟ್ಟು ಏಕೆ ಎಂಬುದನ್ನೂ ಹೇಳಿಬಿಡುತ್ತೇನೆ. ನನ್ನ ಮೊದಲ ಕಾರಿನಲ್ಲಿ ಪಿ0302, ಅಂದರೆ ಎರಡನೆಯ ಸಿಲಿಂಡರಿನ ಮಿಸ್‌ಫೈರ್, ಬಂದಾಗ ನಾನೂ ಇದೇ ತಪ್ಪು ಮಾಡಿದ್ದೆ. ಇಂಜಿನ್ ಆಫ್ ಮಾಡಿ, ಎರಡನೆಯ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೂ ಮೂರನೆಯದನ್ನು ಎರಡನೆಯದಕ್ಕೂ ಹಾಕಿ, ಕೋಡ್ ಅಳಿಸಿ ಮತ್ತೆ ಓಡಿಸಿದ್ದರೆ ಸಾಕಿತ್ತು: ದೋಷ ಪಿ0303ಕ್ಕೆ ಜರುಗಿದರೆ ಕಾಯಿಲ್ ಕೆಟ್ಟಿದೆ, ಅಲ್ಲೇ ಉಳಿದರೆ ಕಾಯಿಲ್ ಕಾರಣವಲ್ಲ. ನಾನು ಅದನ್ನು ಮಾಡದೆ ಎಲ್ಲ ಕಾಯಿಲ್‌ಗಳನ್ನೂ ಪ್ಲಗ್‌ಗಳನ್ನೂ ಕೊಂಡು ಹಾಕಿದೆ, ಚೆಕ್ ಇಂಜಿನ್ ದೀಪ ಮಿನುಗುತ್ತಿದ್ದರೂ ವಾರಗಟ್ಟಲೆ ಓಡಿಸಿದೆ. ಆ ದೀಪ ಸುಮ್ಮನೆ ಹೊತ್ತಿರುವುದಕ್ಕೂ ಮಿನುಗುವುದಕ್ಕೂ ವ್ಯತ್ಯಾಸವಿದೆ. ಮಿನುಗಿದರೆ ಉರಿಯದ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಸುಡುತ್ತಿದೆ ಎಂದೇ ತಿಳಿಯಬೇಕು. ಕೊನೆಗೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏಳುವ ಒತ್ತಡ, ಅಳೆದಾಗ ಮೂರು ಸಿಲಿಂಡರ್‌ಗಳಲ್ಲಿ 12 ಬಾರ್, ಎರಡನೆಯದರಲ್ಲಿ 6. ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆದರೂ ಏರಲಿಲ್ಲ; ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಆ ಸಂದು ಮುಚ್ಚಿ ಒತ್ತಡ ಏರಿಸುತ್ತಿತ್ತು. ಅಂದರೆ ತಪ್ಪು ರಿಂಗ್‌ಗಳದ್ದಲ್ಲ, ವಾಲ್ವ್ ಸರಿಯಾಗಿ ಮುಚ್ಚುತ್ತಿರಲಿಲ್ಲ. ಅಷ್ಟರಲ್ಲಿ ಕನ್ವರ್ಟರ್ ಕರಗಿ ಹಾಳಾಗಿತ್ತು. ಆ ನಷ್ಟ ನನ್ನ ಆತುರದಿಂದಲೇ ಆಯಿತು, ಇವತ್ತಿಗೂ ನೋಯುತ್ತದೆ.

ತಂಗಿಯ ಕಾರಿಗೆ ಹೊಸ ಕೊಳವೆ ಹಾಕಿ, ಕೋಡ್ ಅಳಿಸಿ, ಅರ್ಧ ಗಂಟೆ ಓಡಿಸಿ ಬಂದೆವು. ಮುಳ್ಳು 750ರಲ್ಲಿ ಅಲುಗಾಡದೆ ನಿಂತಿತು, ಟ್ರಿಮ್ ಶೇ. 3ಕ್ಕೆ ಬಂತು. ಗ್ಯಾರೇಜಿನವರು ತೆಗೆದ ಹಳೆಯ ಕಾಯಿಲ್‌ಗಳನ್ನು ಡಿಕ್ಕಿಯಲ್ಲೇ ಇಟ್ಟು ಕಳಿಸಿದ್ದರು. ಸಂಜೆ ಅವುಗಳನ್ನೂ ಒಂದೊಂದಾಗಿ ಹಾಕಿ ಓಡಿಸಿ ನೋಡಿದೆ. ನಾಲ್ಕೂ ಚೆನ್ನಾಗಿದ್ದವು.