ಚಿಲಕ ಬೀಳದ ಬಾಗಿಲು

ಈ ಮಳೆಗಾಲದಲ್ಲಿ ನಮ್ಮ ಮಲಗುವ ಕೋಣೆಯ ಬಾಗಿಲು ನೀರು ಕುಡಿದು ಉಬ್ಬಿಕೊಂಡಿತು. ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಜುಲೈ ಎಂದರೆ ಡಬ್ಬದೊಳಗಿನ ಹಪ್ಪಳವೂ ಮೆತ್ತಗಾಗುವ ತಿಂಗಳು. ಚಿಲಕ ತನ್ನ ತೂತನ್ನು ಮುಟ್ಟುವುದಕ್ಕೆ ಒಂದು ಬೆರಳಿನಷ್ಟು ಅಂತರ ಉಳಿಯುತ್ತಿತ್ತು. ಬಡಗಿಯನ್ನು ಕರೆಸಿದೆ. ಅವನು ಬಾಗಿಲನ್ನು ಎರಡು ಸಲ ಎಳೆದು ನೋಡಿ, "ಬಿಡಿ ಭಾಭೀ, ದೀಪಾವಳಿಯ ಹೊತ್ತಿಗೆ ಒಣಗಿ ತಾನಾಗಿಯೇ ಸರಿಹೋಗುತ್ತದೆ. ಒಳಗಿನ ಬಾಗಿಲು ತಾನೇ, ಚಿಲಕ ಯಾಕೆ?" ಎಂದ. "ಎ.ಸಿ.ಯ ತಂಪು ಹೊರಗೆ ಹೋಗುತ್ತದೆ" ಎಂದೆ. ಹೊರಗೆ ಧೋ ಎಂದು ಮಳೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಮರುಮಾತಾಡದೆ ಅಂಚು ಹೆರೆಯಲು ಕುಳಿತ. ಮುನ್ನೂರು ರೂಪಾಯಿ ತೆಗೆದುಕೊಂಡ. ಈ ವರ್ಷ ಮನೆಗೆ ಮಾಡಿದ ಖರ್ಚಿನಲ್ಲಿ ಇಷ್ಟು ಸಾರ್ಥಕವಾದದ್ದು ಇನ್ನೊಂದಿಲ್ಲ.

ಮನೆ ಎಂದರೆ ಒಂದು ಹಾಲ್, ಒಂದು ಅಡುಗೆಮನೆ, ಒಂದು ಮಲಗುವ ಕೋಣೆ. ಜನ ನಾಲ್ವರು: ನಾನು, ಇವರು, ಹದಿಮೂರರ ಮಗಳು, ಎಂಟರ ಮಗ. ಎ.ಸಿ. ಒಂದೇ ಇರುವುದರಿಂದ ಏಳೆಂಟು ವರ್ಷ ನಾಲ್ವರೂ ಒಂದೇ ಕೋಣೆಯಲ್ಲಿ ಮಲಗಿದೆವು. ಮಂಚದ ಮೇಲೆ ನಾನು ಮತ್ತು ಮಗ, ಕೆಳಗಿನ ಹಾಸಿಗೆಯಲ್ಲಿ ಅಪ್ಪ ಮತ್ತು ಮಗಳು. ಗಂಡ ಹೆಂಡತಿಯ ನಡುವೆ ಒಂದೂವರೆ ಅಡಿ ಎತ್ತರದ ವ್ಯತ್ಯಾಸ ಮತ್ತು ಒಂದು ಮಗುವಿನ ಕಾಲು.

ಹೋದ ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ನಮ್ಮ ಕನ್ನಡ ಹೆಂಗಸರೆಲ್ಲ ಒಬ್ಬರ ಮನೆಯಲ್ಲಿ ಸೇರಿದ್ದಾಗ ಒಬ್ಬಳು ಮೆಲ್ಲನೆ ಕೇಳಿದಳು: "ನಿಮ್ಮ ಮನೆಯಲ್ಲಿ ಮಕ್ಕಳು ಎಲ್ಲಿ ಮಲಗುತ್ತಾರೆ?" ಪ್ರಶ್ನೆ ಇಷ್ಟೇ. ಆದರೆ ಅಲ್ಲಿದ್ದ ಹತ್ತೂ ಜನರಿಗೆ ಅದು ಯಾವ ಪ್ರಶ್ನೆ ಎಂದು ಗೊತ್ತಾಯಿತು. ಎಲ್ಲರೂ ನಕ್ಕರು, ಒಬ್ಬಳು ಎಳ್ಳುಬೆಲ್ಲದ ತಟ್ಟೆ ಮುಂದೆ ಮಾಡಿದಳು, ಮಾತು ಸೊಸೈಟಿಯ ನೀರಿನ ಟ್ಯಾಂಕಿಗೆ ಹೊರಳಿತು. ಕೇಳಿದವಳಿಗೆ ಉತ್ತರ ಸಿಗಲಿಲ್ಲ. ನಾನೂ ಕೊಡಲಿಲ್ಲ. ಆ ದಿನದಿಂದ ಚುಚ್ಚುತ್ತಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. (ಇವರಿಗೆ ತೋರಿಸಿಯೇ ಹಾಕುತ್ತಿದ್ದೇನೆ. ಒಂದು ಸಾಲು ಹೊಡೆದುಹಾಕಿದರು. ಯಾವುದೆಂದು ಕೇಳಬೇಡಿ.)

ಗಂಡ ಹೆಂಡತಿಯ ಏಕಾಂತದ ಮಾತನ್ನು ಬಾಯಿಬಿಟ್ಟು ಹೇಳುವುದು ಈ ಮುಂಬಯಿಗೆ ಹೊಸದೇನೂ ಅಲ್ಲ. ಹೆಣ್ಣುಮಕ್ಕಳ ಶಿಕ್ಷಣಕ್ಕೆ ದುಡಿದ ಧೋಂಡೋ ಕೇಶವ ಕರ್ವೆಯವರ ಮಗ ರಘುನಾಥ ಕರ್ವೆ 1921ರಲ್ಲೇ ಗಿರಗಾಂವ್‌ನಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದರು. ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವರು, ಈ ಕೆಲಸ ಬಿಡುವುದಿಲ್ಲ ಎಂದದ್ದಕ್ಕೆ ಆ ನೌಕರಿಯನ್ನೇ ಕಳೆದುಕೊಂಡರು. 1927ರಲ್ಲಿ 'ಸಮಾಜ ಸ್ವಾಸ್ಥ್ಯ' ಎಂಬ ಮರಾಠಿ ಮಾಸಿಕ ಶುರುಮಾಡಿ, ಓದುಗರು ಕೇಳಿದ ಖಾಸಗಿ ಪ್ರಶ್ನೆಗಳಿಗೆ ನೇರವಾಗಿ ಉತ್ತರ ಬರೆದರು. ಅದಕ್ಕೂ ಅಶ್ಲೀಲತೆಯ ಮೊಕದ್ದಮೆ ಬಿತ್ತು. 1934ರಲ್ಲಿ ಅವರ ಪರವಾಗಿ ವಾದಿಸಿದವರು ಡಾ. ಅಂಬೇಡ್ಕರ್. ಮೊಕದ್ದಮೆ ಸೋತರು, ಆದರೆ ಕರ್ವೆ 1953ರಲ್ಲಿ ಸಾಯುವವರೆಗೆ ಪತ್ರಿಕೆ ನಿಲ್ಲಿಸಲಿಲ್ಲ. ಅಂಥವರು ಬಾಳಿದ ಊರಿನಲ್ಲಿ ನಾವು ಹತ್ತು ಹೆಂಗಸರು ನೀರಿನ ಟ್ಯಾಂಕಿನ ಹಿಂದೆ ಅಡಗಿಕೊಂಡೆವು.

ನಮ್ಮ ಕಥೆಗೆ ಬರುತ್ತೇನೆ. ಎರಡನೆಯ ಹೆರಿಗೆಯಾದ ಮೇಲೆ ಹದಿನಾಲ್ಕು ತಿಂಗಳು ನಮ್ಮ ನಡುವೆ ಏನೂ ಇರಲಿಲ್ಲ. ನನ್ನಲ್ಲೇ ಏನೋ ಕೆಟ್ಟಿದೆ ಎಂದುಕೊಂಡಿದ್ದೆ. ಡಾಕ್ಟರ್ ಬಳಿ ಬೇರೆ ಯಾವುದಕ್ಕೋ ಹೋದಾಗ ಅವರೇ ಕೇಳಿದರು. ಹಾಲೂಡಿಸುವಾಗ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಏರಿ ಈಸ್ಟ್ರೋಜನ್ ಎಂಬ ಹಾರ್ಮೋನ್ ಇಳಿಯುತ್ತದೆ, ಹಾಗಾಗಿ ಆಸೆ ಕಡಿಮೆಯಾಗುವುದು, ಒಣಗುವುದು, ನೋಯುವುದು ಎಲ್ಲವೂ ಆಗುತ್ತದೆ, ನೋವಿಗೆ ಜೆಲ್ ಇದೆ ಎಂದು ಕೆಮ್ಮಿನ ಔಷಧಿ ಹೇಳುವಷ್ಟು ಸಲೀಸಾಗಿ ಹೇಳಿದರು. ಎರಡು ಹೆತ್ತವಳಿಗೆ ಇದನ್ನು ಅದುವರೆಗೆ ಯಾರೂ ಹೇಳಿರಲಿಲ್ಲ. ಬಾಣಂತನಕ್ಕೆ ಊರಿಗೆ ಹೋದಾಗ ಕಿವಿಗೆ ಹತ್ತಿ ಇಡು, ತಲೆಗೆ ಬಟ್ಟೆ ಕಟ್ಟು, ತಣ್ಣೀರು ಮುಟ್ಟಬೇಡ ಎಂದು ನೂರು ಬುದ್ಧಿ ಹೇಳಿದವರಲ್ಲಿ ಒಬ್ಬರೂ ಹೇಳಲಿಲ್ಲ.

ಆದರೆ ಮಗ ಹಾಲು ಬಿಟ್ಟ ಮೇಲೂ ಹೆಚ್ಚೇನೂ ಬದಲಾಗಲಿಲ್ಲ. ಆಗ ಅಡ್ಡ ಬಂದದ್ದು ದೇಹವಲ್ಲ, ಗಡಿಯಾರ. ಇವರು ಕಚೇರಿಗೆ ಹೋಗಿಬರಲು ಲೋಕಲ್ ರೈಲಿನಲ್ಲೇ ದಿನಕ್ಕೆ ಮೂರು ಗಂಟೆ ಸವೆಸುತ್ತಾರೆ, ಅದೂ ಒಂಟಿ ಕಾಲಿನ ಮೇಲೆ ನಿಂತು. ನಾನು ಬ್ಯಾಂಕಿನಿಂದ ಬಂದು ಒಲೆ ಹಚ್ಚುತ್ತೇನೆ. ರಾತ್ರಿ ಹನ್ನೊಂದಕ್ಕೆ ಮಕ್ಕಳು ಮಲಗಿದರು ಎನ್ನುವ ಹೊತ್ತಿಗೆ ಇಬ್ಬರಲ್ಲಿ ಒಬ್ಬರು ಮಕ್ಕಳಿಗಿಂತ ಮೊದಲೇ ಮಲಗಿರುತ್ತೇವೆ.

ಹೋಟೆಲಿಗೂ ಹೋಗಿ ನೋಡಿದೆವು. ಮಕ್ಕಳನ್ನು ಒಂದು ದಿನ ನಾದಿನಿಯ ಮನೆಯಲ್ಲಿ ಬಿಟ್ಟು ಥಾಣೆ ಊರಿನ ಒಂದು ಲಾಡ್ಜಿಗೆ ಹೋದರೆ, ಕೌಂಟರಿನಲ್ಲಿದ್ದ ಹುಡುಗ ಆಧಾರ್ ಕಾರ್ಡ್ ತಿರುಗಿಸಿ ನೋಡಿ "ಲೋಕಲ್ ವಿಳಾಸಕ್ಕೆ ಕೋಣೆ ಕೊಡುವುದಿಲ್ಲ" ಎಂದ. ಇಬ್ಬರ ಕಾರ್ಡಿನಲ್ಲೂ ಒಂದೇ ವಿಳಾಸ, ನನ್ನ ಕೊರಳಲ್ಲಿ ಕರಿಮಣಿ, ಕಾಲಲ್ಲಿ ಕಾಲುಂಗುರ. ಪ್ರಯೋಜನವಾಗಲಿಲ್ಲ. 2015ರ ಆಗಸ್ಟ್‌ನಲ್ಲಿ ಮುಂಬಯಿಯ ಮಢ್ ಐಲ್ಯಾಂಡ್ ಮತ್ತು ಅಕ್ಸಾ ಕಡೆಯ ಹೋಟೆಲುಗಳಿಂದ ಪೊಲೀಸರು ಹತ್ತಾರು ಜೋಡಿಗಳನ್ನು ಠಾಣೆಗೆ ಎಳೆದೊಯ್ದದ್ದು ನೆನಪಾಗಿ, ನಾವು ವಾದ ಮಾಡದೆ ಹೊರಬಿದ್ದು ವಡಾಪಾವ್ ತಿಂದು ಮನೆಗೆ ಬಂದೆವು. ಮರೀನ್ ಡ್ರೈವ್‌ನಲ್ಲಿ, ಬ್ಯಾಂಡ್‌ಸ್ಟ್ಯಾಂಡ್‌ನಲ್ಲಿ ರಸ್ತೆಗೆ ಬೆನ್ನುಮಾಡಿ ಸಮುದ್ರ ನೋಡುತ್ತ ಕೂತ ಜೋಡಿಗಳೆಲ್ಲ ಕಾಲೇಜಿನ ಹುಡುಗ ಹುಡುಗಿಯರೆಂದು ತಿಳಿಯಬೇಡಿ. ಸರಿಯಾಗಿ ನೋಡಿ. ಎಷ್ಟೋ ಜನರ ಪಕ್ಕದಲ್ಲಿ ತರಕಾರಿ ಚೀಲ ಇರುತ್ತದೆ.

ಒಮ್ಮೆ ಅತ್ತೆ ಮಾತಿನ ನಡುವೆ ತಮ್ಮ ಕಾಲದ ಸಂಗತಿಯೊಂದನ್ನು ಹೇಳಿದರು. ಗದಗಿನಿಂದ 1974ರಲ್ಲಿ ಮದುವೆಯಾಗಿ ಬಂದದ್ದು ಮುಂಬಯಿಯ ನಾಯಗಾಂವ್‌ನ ಬಿ.ಡಿ.ಡಿ. ಚಾಳಿಗೆ, ಎಂದರೆ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ಇರುವ ಸಾಲುಮನೆಗೆ. ಅಲ್ಲಿಯ ಒಂದು ಖೋಲಿ, ಅಂದರೆ ಕೋಣೆ, 160 ಚದರ ಅಡಿ ಇತ್ತು. ನಮ್ಮ ಹಾಲ್ ಒಂದೇ ಅದಕ್ಕಿಂತ ಕೊಂಚ ಹಿರಿದು. ಅದರಲ್ಲಿ ಎಂಟು ಜನ: ಅತ್ತೆ, ಮಾವ, ಅವರ ಅತ್ತೆ ಮಾವ, ಇಬ್ಬರು ಮೈದುನರು, ಒಬ್ಬ ನಾದಿನಿ, ಕೆಲಸ ಹುಡುಕಿಕೊಂಡು ಊರಿನಿಂದ ಬಂದ ಯಾರೋ ಒಬ್ಬರು. "ಹೇಗೆ ಅತ್ತೆ?" ಎಂದು ಕೇಳಿಬಿಟ್ಟೆ. ಅವರು ಅವರೆಕಾಯಿ ಸುಲಿಯುತ್ತಿದ್ದರು, ತಲೆ ಎತ್ತಲಿಲ್ಲ.

"ನಮ್ಮ ಮಾವನವರು ಪುಣ್ಯಾತ್ಮರು. ಊಟವಾದ ಕೂಡಲೇ 'ಒಳಗೆ ಬಹಳ ಸೆಖೆ' ಎಂದು ಹಾಸಿಗೆ ಸುತ್ತಿಕೊಂಡು ಹೊರಗೆ ಕಾರಿಡಾರಿಗೆ ಹೋಗುತ್ತಿದ್ದರು. ಮೈದುನರನ್ನೂ ಕರೆಯುತ್ತಿದ್ದರು. ಡಿಸೆಂಬರಿನಲ್ಲೂ ಅವರಿಗೆ ಸೆಖೆಯೇ."

ಅತ್ತೆಯವರ ಅತ್ತೆಗೆ ಗೋಡೆ ಕಡೆಗೆ ತಿರುಗಿ ಮಲಗಿದರೆ ಮಾತ್ರ ನಿದ್ದೆ ಬರುತ್ತಿತ್ತಂತೆ. ನಾದಿನಿ ವಾರಕ್ಕೆರಡು ಸಲ ಪಕ್ಕದ ಖೋಲಿಯ ಗೆಳತಿಯ ಮನೆಯಲ್ಲಿ ಓದಿಕೊಳ್ಳಲು ಹೋಗುತ್ತಿದ್ದಳು. ಯಾರೂ ಯಾರಿಗೂ ಏನೂ ಹೇಳುತ್ತಿರಲಿಲ್ಲ, ಎಲ್ಲರೂ ಎಲ್ಲವನ್ನೂ ಏರ್ಪಾಡು ಮಾಡುತ್ತಿದ್ದರು. ಆ ಖೋಲಿಯಲ್ಲಿ ಗೋಡೆ ಇರಲಿಲ್ಲ, ಕಾಣದಂತೆ ನಟಿಸುವ ಆರು ಜನ ಇದ್ದರು. ನಮ್ಮ ಫ್ಲ್ಯಾಟಿನಲ್ಲಿ ಗೋಡೆಗಳಿವೆ, ನಟಿಸಲು ಯಾರೂ ಇಲ್ಲ. ಸೆಖೆ ಎಂದು ಎದ್ದು ಹೋಗಲು ಎಂಟು ವರ್ಷದ ಹುಡುಗನಿಗೆ ಬುದ್ಧಿ ಎಲ್ಲಿಂದ ಬರಬೇಕು?

ಹಾಗಾಗಿ ಏರ್ಪಾಡು ನಾವೇ ಮಾಡಿಕೊಳ್ಳಬೇಕು. ನನ್ನ ವಾದ ಇಷ್ಟೇ: ವಾರದಲ್ಲಿ ಒಂದು ಹೊತ್ತು ನಿಗದಿ ಮಾಡಿಕೊಳ್ಳಿ, ಅದಕ್ಕೆ ನಾಚಬೇಡಿ.

ಇದನ್ನು ಹೇಳಿದಾಗ ಗೆಳತಿಯೊಬ್ಬಳು ಮೂಗು ಮುರಿದಳು. "ಅದಕ್ಕೂ ಟೈಮ್ ಟೇಬಲ್ಲೇ? ತಾನಾಗಿ ಆದರೆ ಚೆಂದ." ತಾನಾಗಿ! ನಮ್ಮಲ್ಲಿ ಮೊದಲ ರಾತ್ರಿಯಾದರೂ ತಾನಾಗಿ ಆಗಿತ್ತೇ? ಪ್ರಸ್ತಕ್ಕೆ ಪುರೋಹಿತರು ಪಂಚಾಂಗ ತೆಗೆದು ತಿಥಿ, ನಕ್ಷತ್ರ ನೋಡಿದರು. ಚಿಕ್ಕಮ್ಮಂದಿರು ಮಂಚಕ್ಕೆ ಹೂ ಕಟ್ಟಿದರು. ಸೋದರತ್ತೆ ಹಾಲಿನ ಲೋಟ ಕೈಗೆ ಕೊಟ್ಟು ಹೊರಗಿನಿಂದ ಬಾಗಿಲೆಳೆದಳು. ಆಷಾಢ ಬಂದಾಗ ತವರಿಗೆ ಕಳಿಸಿದರು, ಶ್ರಾವಣದಲ್ಲಿ ಕರೆಸಿಕೊಂಡರು. ಗರ್ಭಾಧಾನವನ್ನು ಹದಿನಾರು ಸಂಸ್ಕಾರಗಳಲ್ಲಿ ಮೊದಲನೆಯದಾಗಿ ಎಣಿಸಿದ ಜನ ನಾವು. ಅದಕ್ಕೆಲ್ಲ ಮುಹೂರ್ತ ಇಟ್ಟಾಗ ಯಾರಿಗೂ ರಸಭಂಗ ಎನಿಸಲಿಲ್ಲ, ಗುರುವಾರ ಬೆಳಿಗ್ಗೆ ಏಳೂವರೆ ಎಂದರೆ ಮೂಗು ಮುರಿಯುತ್ತಾರೆ.

ಹೌದು, ನಮ್ಮದು ಗುರುವಾರ. ಅಂದು ಇವರಿಗೆ ಮನೆಯಿಂದಲೇ ಕೆಲಸ. ಆರು ಐವತ್ತಕ್ಕೆ ಶಾಲೆಯ ಬಸ್ ಹೊರಡುತ್ತದೆ, ಕೆಲಸದವಳು ಬರುವುದು ಒಂಬತ್ತಕ್ಕೆ, ನಾನು ಬ್ಯಾಂಕಿಗೆ ಹೊರಡುವುದು ಒಂಬತ್ತೂವರೆಗೆ. ರಾಯರ ವಾರವೇ ಸಿಕ್ಕಿದ್ದಕ್ಕೆ ರಾಯರಲ್ಲಿ ಕ್ಷಮೆ ಕೇಳಿದ್ದೇನೆ. ರೋಸ್ಟರ್ ಹಾಕಿದವಳು ನಾನಲ್ಲ. ಅಂದು ಡಬ್ಬಕ್ಕೆ ಚಪಾತಿ ಪಲ್ಯ ಇಲ್ಲ, ಹಿಂದಿನ ರಾತ್ರಿಯೇ ಕಲಸಿಟ್ಟ ಮೊಸರನ್ನ. ಮೊಬೈಲ್‌ಗಳೆರಡೂ ಹಾಲ್‌ನಲ್ಲಿ, ಬೆಲ್‌ನ ಸ್ವಿಚ್ ಬಂದ್. ಮೊದಲ ವಾರವೇ ಗ್ಯಾಸ್ ಸಿಲಿಂಡರಿನವನು ಬಾಗಿಲು ಬಡಿದ, ಎರಡನೆಯ ವಾರ ಮಗನಿಗೆ ಜ್ವರ. ಮೂರನೆಯ ವಾರ ಇಬ್ಬರೂ ಮಲಗಿ ನಿದ್ದೆಹೋದೆವು, ಎಚ್ಚರವಾದದ್ದು ಕೆಲಸದವಳು ಬಾಗಿಲು ತಟ್ಟಿದಾಗ. ಆ ನಿದ್ದೆಯ ಬಗ್ಗೆಯೂ ನನಗೆ ಬೇಸರವಿಲ್ಲ. ಹಗಲು ಬೆಳಕಿನಲ್ಲಿ ಗಂಡನ ಮುಖವನ್ನು ಹತ್ತಿರದಿಂದ ನೋಡಿ ಎಷ್ಟು ದಿನವಾಗಿತ್ತೋ. ಹುಬ್ಬಿನಲ್ಲಿ ಎರಡು ಬಿಳಿ ಕೂದಲಿದ್ದವು.

ಮನಸ್ಸು ಮೊದಲು ಬರಬೇಕು, ಆಮೇಲೆ ಮೈ ಎಂದು ನಾನೂ ನಂಬಿದ್ದೆ. ಕೆನಡಾದ ವೈದ್ಯೆ ರೋಸ್ಮೆರಿ ಬ್ಯಾಸನ್ 2000ರಲ್ಲಿ ಇದನ್ನು ಪ್ರಶ್ನಿಸಿದರು. ಬಹುಕಾಲದ ಸಂಬಂಧದಲ್ಲಿ ಎಷ್ಟೋ ಹೆಂಗಸರಿಗೆ ಆಸೆ ಮುಂಚಿತವಾಗಿ ಹುಟ್ಟುವುದಿಲ್ಲ, ಹತ್ತಿರ ಕುಳಿತು ಮಾತು, ಸ್ಪರ್ಶ ಶುರುವಾದ ಮೇಲೆ ಅದರ ಬೆನ್ನಿಗೇ ಬರುತ್ತದೆ ಎಂದರು. ಓದಿದಾಗ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಹಸಿವೆಯಿಲ್ಲ ಎನ್ನುವವಳಿಗೆ ಒಗ್ಗರಣೆಯ ವಾಸನೆ ಬಂದಾಗ ಹಸಿವೆ ತಿಳಿಯುವುದಿಲ್ಲವೇ, ಹಾಗೆ. ಗಂಡಸರು ಇದನ್ನು ತಮಗೆ ಬೇಕಾದಂತೆ ಓದಬಾರದು: ಬೇಡ ಎಂದರೆ ಬೇಡ, ಗುರುವಾರವಾದರೂ ಬೇಡ. ವಾರವಿಡೀ ಸಿಂಕಿನ ಪಾತ್ರೆಗೆ ಕೈ ಹಾಕದವನಿಗೆ ಯಾವ ವೈದ್ಯೆಯೂ ಸಹಾಯ ಮಾಡಲಾರಳು.

ಮಕ್ಕಳನ್ನು ಮಲಗಲು ಹಾಲ್‌ಗೆ ಕಳಿಸಿದ್ದು ಎಲ್ಲಕ್ಕಿಂತ ಕಷ್ಟದ ಕೆಲಸ. ಒಂದು ಕೂಲರ್ ತಂದೆವು. ಮಗ ಮೂರು ವಾರ ಅರ್ಧರಾತ್ರಿ ತಲೆದಿಂಬು ಎಳೆದುಕೊಂಡು ಬಂದು ನಡುವೆ ತೂರಿಕೊಂಡ. ಮಗಳು ಮೊದಲ ದಿನವೇ ಕೇಳಿದಳು, "ಬಾಗಿಲಿಗೆ ಚಿಲಕ ಯಾಕಮ್ಮ?" ಎ.ಸಿ.ಯ ಸುಳ್ಳು ಬಡಗಿಗೆ ಸಾಕು, ಹದಿಮೂರರ ಹುಡುಗಿಗೆ ಸಾಲದು. "ಅಪ್ಪ ಅಮ್ಮನಿಗೂ ಅವರದೇ ಆದ ಹೊತ್ತು ಬೇಕು. ನೀನು ಬಟ್ಟೆ ಬದಲಿಸುವಾಗ ನಾವು ತಟ್ಟಿ ಬರುವುದಿಲ್ಲವೇ, ಹಾಗೆಯೇ" ಎಂದೆ. ಅವಳು "ಸರಿ" ಎಂದು ಮುಖ ಕೆಂಪಾಗಿಸಿಕೊಂಡು ಹೋಗಿ ಟಿವಿಯ ಸದ್ದು ಎರಡು ಪಟ್ಟು ಮಾಡಿದಳು. ಮುತ್ತಜ್ಜನ ರಕ್ತ.

ಅಂದಿನಿಂದ ಅವಳು ಬಾಗಿಲು ತಟ್ಟದೆ ಒಳಗೆ ಬರುವುದಿಲ್ಲ. ಮಗ ಮಾತ್ರ ರಜೆಯ ದಿನ ನೆಲದ ಮೇಲೆ ಮಕಾಡೆ ಮಲಗಿ, ಬಡಗಿ ಹೆರೆದ ಬಾಗಿಲಿನ ಕೆಳಗಿನ ಸಂದಿಗೆ ಬಾಯಿಟ್ಟು ಕೂಗುತ್ತಾನೆ: "ಅಮ್ಮಾ, ರಿಮೋಟ್ ಎಲ್ಲಿ?"

"ಸೋಫಾದ ಕೆಳಗೆ ನೋಡೋ" ಎಂದು ಇಬ್ಬರೂ ಒಟ್ಟಿಗೆ ಕೂಗುತ್ತೇವೆ.