ಪಾಯಿಂಟ್ ಎರಡು ಐದು ಆರು

ಬಾಗಲಕೋಟೆಯಲ್ಲಿ ಗಣಿತದಲ್ಲಿ ಫೇಲಾದವರಿಗೂ ಒಂದು ಸಂಖ್ಯೆ ಬಾಯಿಪಾಠ. 524.256. ನವನಗರದ ಯಾವ ಚಹಾದಂಗಡಿಯಲ್ಲಾದರೂ ಕೇಳಿ ನೋಡಿ. ಚಿಲ್ಲರೆ ಎಣಿಸುವಾಗ ತಪ್ಪುವ ಹುಡುಗನೂ ಪಾಯಿಂಟ್ ಆದ ಮೇಲಿನ ಮೂರಂಕಿ ತಪ್ಪುವುದಿಲ್ಲ. ಆಲಮಟ್ಟಿ ಅಣೆಕಟ್ಟೆಯಲ್ಲಿ ಸಮುದ್ರಮಟ್ಟದಿಂದ ಅಷ್ಟು ಮೀಟರ್ ಎತ್ತರಕ್ಕೆ ನೀರು ನಿಲ್ಲಬೇಕು. ನಿಲ್ಲುವುದು 519.6ಕ್ಕೆ. ನಡುವಿನ ಹದಿನೈದು ಅಡಿಯಲ್ಲಿ ಸದ್ಯಕ್ಕೆ ಬರೀ ಕಾಗದ ತುಂಬಿದೆ.

ನಮ್ಮ ಕಾಕಾನ ಹೊಲ ಆ ಹದಿನೈದು ಅಡಿಯೊಳಗೇ ಬರುತ್ತದೆ. ಬದುವಿನ ಮೇಲೆ ಸರ್ವೆಯವರು ನೆಟ್ಟ ಕಲ್ಲಿದೆ. ಬಣ್ಣ ಹೋಗಿ ಅಂಕಿ ಅರ್ಧ ಅಳಿಸಿದೆ. ಎಮ್ಮೆ ಮೈ ತಿಕ್ಕಿ ತಿಕ್ಕಿ ಒಂದು ಮೂಲೆ ನುಣ್ಣಗಾಗಿದೆ. ಹೊಲ ಮಾರೋಣ ಅಂದರೆ ‘ಮುಳುಗೋ ಹೊಲ ಯಾರಿಗೆ ಬೇಕ್ರೀ’ ಅಂತಾರೆ. ಬೋರ್ ಹೊಡೆಸೋಣ ಅಂದರೆ ಮನೆಯಲ್ಲೇ ಜಗಳ. ಸುಮ್ನೆ ಜೋಳ ಬಿತ್ತಿ ಕೂತಿದ್ದಾರೆ.

ಈಗ ಮಜಾ ಕೇಳಿ. ನದಿ ನೀರಿನ ಜಗಳವನ್ನು ಕೋರ್ಟಿನಿಂದ ದೂರ ಇಡಲು ಸಂವಿಧಾನದ 262ನೇ ವಿಧಿ ದಾರಿ ಮಾಡಿಕೊಟ್ಟಿತು. 1956ರ ಕಾಯ್ದೆ ಬಾಗಿಲು ಹಾಕಿತು. ಅದಕ್ಕೇ ಟ್ರಿಬ್ಯೂನಲ್, ಅಂದರೆ ನೀರಿನ ಜಗಳಕ್ಕಂತಲೇ ಕೂರಿಸಿದ ನ್ಯಾಯಮಂಡಳಿ. ಎರಡನೇ ಕೃಷ್ಣಾ ಟ್ರಿಬ್ಯೂನಲ್ 2004ರಲ್ಲಿ ಕೂತಿತು, 2010ರ ಡಿಸೆಂಬರಿನಲ್ಲಿ 524.256ಕ್ಕೆ ಹೂಂ ಅಂದಿತು. ಆದರೆ ತೀರ್ಪು ಕೇಂದ್ರದ ಗೆಜೆಟ್‌ನಲ್ಲಿ ಅಚ್ಚಾದರೆ ಮಾತ್ರ ಜಾರಿ. ಅಷ್ಟರಲ್ಲಿ ಆಂಧ್ರ ಸುಪ್ರೀಂ ಕೋರ್ಟಿಗೆ ಓಡಿತು. 2011ರಲ್ಲಿ, ಸದ್ಯಕ್ಕೆ ಅಚ್ಚು ಹಾಕಬೇಡಿ ಎಂದಾಯಿತು. 2013ರಲ್ಲಿ ಟ್ರಿಬ್ಯೂನಲ್ ಅದೇ ಎತ್ತರಕ್ಕೆ ಇನ್ನೊಮ್ಮೆ ಹೂಂ ಅಂದಿತು. ಅದೂ ಅಚ್ಚಾಗಲಿಲ್ಲ. ಕೋರ್ಟಿನ ಕಾಟ ಬೇಡ ಅಂತ ಕಟ್ಟಿದ ಮನೆಯ ಕೀಲಿಕೈ ಕೋರ್ಟಿನ ಹತ್ತಿರವೇ! ಆಂಧ್ರ ಒಡೆದು ತೆಲಂಗಾಣವಾಯಿತು. ಅವರಿಬ್ಬರಿಗೆ ಪಾಲು ಹಂಚಲು ಅದೇ ಟ್ರಿಬ್ಯೂನಲ್‌ಗೆ ವಾಯಿದೆ ಮೇಲೆ ವಾಯಿದೆ.

ಹಾಗಂತ ಜಡ್ಜ್‌ಗಳನ್ನೇ ಬೈದರೆ ನ್ಯಾಯವಲ್ಲ. ಅವರೇನು ತಾಂಬೂಲ ಕೊಟ್ಟು ಕರೆದಿರಲಿಲ್ಲ. ನಾಲ್ಕು ಮುಖ್ಯಮಂತ್ರಿಗಳು ಒಂದು ಚಾಪೆ ಮೇಲೆ ಕೂತು ಮಾತಾಡಿದರೆ ಯಾರಾದರೂ ಒಂದಿಷ್ಟು ಬಿಟ್ಟುಕೊಡಬೇಕು. ಬಿಟ್ಟುಕೊಟ್ಟವರು ಊರಿಗೆ ಬಂದು ಓಟು ಕೇಳುವುದು ಹೇಗೆ? ಕೋರ್ಟಿಗೆ ಹಾಕಿದರೆ ಆ ತಲೆನೋವೇ ಇಲ್ಲ. ಗೆದ್ದರೆ ನಮ್ಮ ಹೋರಾಟ. ಸೋತರೆ ತೀರ್ಪಿಗೆ ತಲೆಬಾಗುತ್ತೇವೆ. ಏನೂ ಆಗದಿದ್ದರೆ ಇನ್ನೂ ಒಳ್ಳೆಯದು, ಮುಂದಿನ ಚುನಾವಣೆಗೂ ಬರುತ್ತದೆ. ಉಪ್ಪಿನಕಾಯಿ ಇದ್ದ ಹಾಗೆ, ಕಳಿತಷ್ಟೂ ರುಚಿ.

ಪಕ್ಕದ ಬೆಳಗಾವಿಯ ಗಡಿ ಜಗಳದ ಭರಣಿಯನ್ನೂ ಮಹಾರಾಷ್ಟ್ರ ಅದೇ 2004ರಲ್ಲಿ ಸುಪ್ರೀಂ ಕೋರ್ಟಿನ ಅದೇ ಕಪಾಟಿನಲ್ಲಿ ಇಟ್ಟಿತು. ಅಲ್ಲಿ ನಮ್ಮವರ ವಾದ ಏನು ಗೊತ್ತಾ? ರಾಜ್ಯದ ಗಡಿ ಕೋರ್ಟಿನ ಕೆಲಸವಲ್ಲ, ಸಂಸತ್ತಿನದ್ದು. ಆ ವರ್ಷ ಹುಟ್ಟಿದ ಮಕ್ಕಳು ಈಗ ಮೀಸೆ ಬಿಟ್ಟು ಓಟು ಹಾಕುತ್ತಿದ್ದಾರೆ.

ಹೋದ ಚುನಾವಣೆಯಲ್ಲಿ ಊರಿಗೆ ಲೀಡರ್ ಒಬ್ಬರು ಬಂದಿದ್ದರು. ಕಾರಿನಿಂದ ಇಳಿಯುತ್ತಿದ್ದಂತೆ ಕಾಕಾ ಹಿಡಿದುಕೊಂಡರು.

“ಸಾಹೇಬ್ರ, ಗೇಟ್ ಯಾವಾಗ ಏರಸ್ತೀರಿ?”

“ಕಾಕಾ, ಅದು ಕೋರ್ಟಿನಾಗ ಐತಿ. ಅದರ ಬಗ್ಗೆ ನಾ ಮಾತಾಡಂಗಿಲ್ಲ.”

ಆಮೇಲೆ ವೇದಿಕೆ ಹತ್ತಿ, ಮೈಕ್ ಹಿಡಿದು, ಅದೇ ಗೇಟಿನ ಬಗ್ಗೆ ಮುಕ್ಕಾಲು ತಾಸು ಮಾತಾಡಿದರು. ಪಾಯಿಂಟ್ ಆದ ಮೇಲಿನ ಮೂರಂಕಿ ಮಾತ್ರ ತಪ್ಪು ಹೇಳಿದರು.